ಹಳೇ ಸಬ್‌ಮರೀನ್‌ಗಳು ಮುಳುಗಿ ಮೇಲೆ ಬರಲು ಯಾಕೆ ಅಷ್ಟು ಕಷ್ಟಪಟ್ಟವು?

ತುಕ್ಕು_ಹಿಡಿದ_ಬೋಲ್ಟು:

ಸಬ್‌ಮರೀನ್ ವಿಷಯ ಬಂದರೆ ಸಾಕು, ಮಾತು "ಮೊದಲನೆಯದು ಯಾವುದು" ಅನ್ನುವ ಜಗಳಕ್ಕೆ ಹೋಗಿ ನಿಲ್ಲುತ್ತದೆ. ಡ್ರೆಬೆಲ್ ಅಂತ ಒಬ್ಬರು, ಬುಶ್ನೆಲ್ ಅಂತ ಇನ್ನೊಬ್ಬರು. ನನ್ನ ತಲೆ ತಿನ್ನುವ ಪ್ರಶ್ನೆ ಬೇರೆ. 1620ರ ಹೊತ್ತಿಗೇ ಲಂಡನ್ನಿನ ಥೇಮ್ಸ್ ನದಿಯಲ್ಲಿ ಡ್ರೆಬೆಲ್ ಕಟ್ಟಿದ ಮುಳುಗುವ ದೋಣಿ ಓಡಾಡಿತ್ತು ಎನ್ನುತ್ತಾರೆ. ಆದರೆ ನಿಜವಾಗಿ ಕೆಲಸಕ್ಕೆ ಬರುವ ಸಬ್‌ಮರೀನ್ ನೌಕಾಪಡೆಗಳ ಕೈಗೆ ಸಿಕ್ಕಿದ್ದು 1900ರ ಆಸುಪಾಸಿನಲ್ಲಿ. ನಡುವೆ 280 ವರ್ಷ ಏನಾಯಿತು?

ಎಂಜಿನ್ ಇರಲಿಲ್ಲ, ಬ್ಯಾಟರಿ ಇರಲಿಲ್ಲ, ಅದಕ್ಕೇ ತಡವಾಯಿತು ಎಂದು ಹೇಳಿ ಮುಗಿಸಿಬಿಡುತ್ತಾರೆ. ನನ್ನ ಪ್ರಕಾರ ಅದು ಅರ್ಧ ಉತ್ತರ. ಮುಳುಗೋದು ಯಾವತ್ತೂ ಕಷ್ಟ ಆಗಿರಲಿಲ್ಲ, ತಳದಲ್ಲಿ ತೂತು ಇದ್ದರೆ ಯಾವ ದೋಣಿಯಾದರೂ ಮುಳುಗುತ್ತದೆ. ಮುಳುಗಿದ ಮೇಲೆ ಮಟ್ಟವಾಗಿ ಇರಬೇಕು, ಬೇಕಾದ ಆಳದಲ್ಲಿ ನಿಲ್ಲಬೇಕು, ಬೇಕೆಂದಾಗ ಮೇಲೆ ಬರಬೇಕು. ಎಲ್ಲರೂ ಎಡವಿದ್ದು ಇಲ್ಲೇ.

ವಿಲ್ಹೆಲ್ಮ್ ಬೌವರ್ ಕತೆ ನೋಡಿ. ಜರ್ಮನಿಯ ಕೀಲ್ ಬಂದರಿಗೆ ಡೆನ್ಮಾರ್ಕಿನ ಹಡಗುಗಳು ದಿಗ್ಬಂಧನ ಹಾಕಿದ್ದವು. ಅದನ್ನು ಮುರಿಯಲು ಬೌವರ್ 1850ರಲ್ಲಿ ಬ್ರಾಂಡ್‌ಟಾಕರ್ ಎಂಬ ಕಬ್ಬಿಣದ ದೋಣಿ ಕಟ್ಟಿಸಿದ. ಒಳಗೆ ಇಬ್ಬರು ಕಾಲಿನಿಂದ ಚಕ್ರ ತುಳಿದರೆ ಹಿಂದಿನ ಪ್ರೊಪೆಲರ್ ತಿರುಗುತ್ತಿತ್ತು. ದುಡ್ಡು ಸಾಲಲಿಲ್ಲ. ತಗಡು ತೆಳ್ಳಗಾಯಿತು, ನೀರು ತುಂಬಿಸಲು ಬೇಕಿದ್ದ ಪ್ರತ್ಯೇಕ ಟ್ಯಾಂಕ್‌ಗಳನ್ನೇ ಕೈಬಿಟ್ಟರು. ಮುಳುಗಬೇಕಾದರೆ ನೀರನ್ನು ನೇರ ದೋಣಿಯ ತಳಕ್ಕೇ ಬಿಟ್ಟುಕೊಳ್ಳಬೇಕು. 1851ರ ಫೆಬ್ರವರಿ 1ರಂದು ಬೌವರ್ ಮತ್ತು ಇಬ್ಬರು ಜೊತೆಗಾರರು ಮುಳುಗಿದರು. ತಳದಲ್ಲಿದ್ದ ನೀರು ಹಿಂದಕ್ಕೆ ಹರಿಯಿತು, ಬಾಲ ಕೆಳಗಾಯಿತು, ದೋಣಿ ಹೋಗಿ ಬಂದರಿನ ಕೆಸರಿನಲ್ಲಿ ಕೂತಿತು.

ಮುಂದೆ ಅವರು ಬದುಕಿದ ರೀತಿಯೇ ನನಗೆ ತುಂಬಾ ಇಷ್ಟ. ಆಳ ಸುಮಾರು 50 ಅಡಿ ಅಂದುಕೊಳ್ಳಿ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಒಂದೂವರೆ ಕೆಜಿ ಹೆಚ್ಚಿನ ಒತ್ತಡ. ಹ್ಯಾಚ್ ಬಾಗಿಲು 50 ಸೆಂಟಿಮೀಟರ್ ಚೌಕ ಇದ್ದರೂ ಅದರ ಮೇಲೆ ಮೂರೂಮುಕ್ಕಾಲು ಟನ್ ಭಾರ. ಯಾರು ತಳ್ಳಿದರೂ ತೆರೆಯಲ್ಲ. ಬೌವರ್ ಹೇಳಿದ್ದು, "ಇನ್ನಷ್ಟು ನೀರು ಒಳಗೆ ಬಿಡೋಣ." ಉಳಿದಿಬ್ಬರಿಗೆ ಇದು ಹುಚ್ಚು ಎನಿಸಿತು. ನೀರು ಬಂದಷ್ಟೂ ಒಳಗಿನ ಗಾಳಿ ಒತ್ತಿಕೊಳ್ಳುತ್ತದೆ. ಒಳಗಿನ ಒತ್ತಡವೂ ಹೊರಗಿನದೂ ಸಮ ಆದ ಕೂಡಲೇ ಬಾಗಿಲು ಹಗುರ. ಗಂಟೆಗಟ್ಟಲೆ ತಣ್ಣೀರಿನಲ್ಲಿ ಕಾದರು. ಕೊನೆಗೆ ಬಾಗಿಲು ತೆರೆಯಿತು, ಒಳಗಿನ ಗಾಳಿಯ ಜೊತೆಗೇ ಮೂವರೂ ಮೇಲಕ್ಕೆ ಚಿಮ್ಮಿದರು. ಸಬ್‌ಮರೀನಿನಿಂದ ಪಾರಾದ, ದಾಖಲೆ ಇರುವ ಮೊದಲ ಘಟನೆ ಇದು. ಆ ದೋಣಿ 1887ರಲ್ಲಿ ಸಿಕ್ಕಿತು. ಈಗ ಡ್ರೆಸ್ಡೆನ್‌ನ ಮಿಲಿಟರಿ ಮ್ಯೂಸಿಯಮ್‌ನಲ್ಲಿದೆ.

ಸರಿ, ನಿಮ್ಮ ಅಭಿಪ್ರಾಯ ಹೇಳಿ. ಇದೇ ಕಾಯಿಲೆ ಬೇರೆ ಎಲ್ಲೆಲ್ಲಿ ಕಾಣುತ್ತದೆ?

ಸುಮ್ನೆ_ಓದುಗ:

ಒಳ್ಳೇ ವಿಷಯ. ಚಹಾ ತಗೊಂಡು ಕೂತೆ.

ಗೋಲ್‌ಗುಂಬಜ್:

ಬೌವರ್ ಕತೆ ಚೆನ್ನಾಗಿದೆ ಸರ್. ಆದರೆ ಡ್ರೆಬೆಲ್ ವಿಷಯದಲ್ಲಿ "ಓಡಾಡಿತ್ತು ಎನ್ನುತ್ತಾರೆ" ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಚರ್ಮ ಹೊದಿಸಿದ ಮರದ ದೋಣಿ, ಪಕ್ಕದ ತೂತುಗಳಿಂದ ಹುಟ್ಟು ಹೊರಗೆ, ಅದಕ್ಕೂ ಚರ್ಮದ ತೋಳು. ಇಷ್ಟರಲ್ಲಿ ರಾಜ ಒಂದನೇ ಜೇಮ್ಸ್ ಎದುರು ನದಿಯೊಳಗೆ ಹೋದ ಎಂದು ಬರೆದಿದ್ದಾರೆ. ಪೂರ್ತಿ ಮುಳುಗಿತೋ, ಬೆನ್ನು ಕಾಣುವಷ್ಟು ಮುಳುಗಿ ಪ್ರವಾಹದ ಜೊತೆ ತೇಲಿತೋ ಯಾರಿಗೆ ಗೊತ್ತು? ಬಣ್ಣ ಕಟ್ಟಿ ಹೇಳಿದ್ದೆಲ್ಲ ಆಮೇಲಿನವರು.

ಅಮೆರಿಕದ ಬುಶ್ನೆಲ್ ಮಾಡಿದ ಟರ್ಟಲ್ ಎಂಬ ಮುಳುಗುವ ದೋಣಿಯ ಬಗ್ಗೆಯೂ ನನಗೆ ಅನುಮಾನವೇ. 1776ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಬ್ರಿಟಿಷರ ಈಗಲ್ ಎಂಬ ಹಡಗಿನ ತಳಕ್ಕೆ ಹೋಗಿ ಬಂತು ಎಂದು ಅಮೆರಿಕದವರು ಹೇಳುತ್ತಾರೆ. ಬ್ರಿಟಿಷರ ದಾಖಲೆಯಲ್ಲಿ ಆ ದಾಳಿಯ ಸುಳಿವೇ ಇಲ್ಲ. ಬುಶ್ನೆಲ್ ತನ್ನ ವಿವರಣೆಯನ್ನು ಜೆಫರ್ಸನ್‌ಗೆ ಪತ್ರದಲ್ಲಿ ಬರೆದದ್ದು 1787ರಲ್ಲಿ. ಒಳಗೆ ಕೂತಿದ್ದ ಎಜ್ರಾ ಲೀ ಬರೆದದ್ದು 1815ರಲ್ಲಿ. ಇಷ್ಟು ವರ್ಷ ಆದ ಮೇಲಿನ ನೆನಪನ್ನು ಎಷ್ಟು ನಂಬೋದು?

ತುಕ್ಕು_ಹಿಡಿದ_ಬೋಲ್ಟು:

ದಾಳಿ ಬಗ್ಗೆ ಅನುಮಾನ ಇರಲಿ. ದೋಣಿ ಇದ್ದದ್ದು ನಿಜ, ಅಲ್ವಾ? ವಾಷಿಂಗ್ಟನ್ ಕೂಡ ಆಮೇಲೆ ಬುಶ್ನೆಲ್‌ನ ಬುದ್ಧಿವಂತಿಕೆಯನ್ನು ಹೊಗಳಿ ಜೆಫರ್ಸನ್‌ಗೆ ಬರೆದಿದ್ದಾನೆ.

ಮಟ್ಟದ ದೃಷ್ಟಿಯಿಂದ ಟರ್ಟಲ್ ಬಹಳ ಜಾಣತನದ ಕೆಲಸ. ಉದ್ದ ಇಲ್ಲ, ನಿಂತ ಮೊಟ್ಟೆಯ ಆಕಾರ. ತಳದಲ್ಲಿ ಸೀಸ. ಆ ಸೀಸದಲ್ಲಿ ಸುಮಾರು 200 ಪೌಂಡ್ ತುಂಡನ್ನು ಒಳಗಿನಿಂದಲೇ ಕೆಳಗೆ ಇಳಿಬಿಡಬಹುದಿತ್ತು, ಆಪತ್ತಿಗೆ ಮೇಲೇರಲು. ಕಾಲಿನಿಂದ ಒತ್ತಿದರೆ ನೀರು ಒಳಗೆ, ಎರಡು ಹಿತ್ತಾಳೆ ಪಂಪುಗಳಿಂದ ಹೊರಗೆ. ಮುಂದೆ ಹೋಗಲು ಒಂದು ಪ್ರೊಪೆಲರ್, ಮೇಲೆ ಕೆಳಗೆ ಆಗಲು ಇನ್ನೊಂದು, ಎರಡಕ್ಕೂ ಕೈಯೇ ಗತಿ. ಅರ್ಧ ಗಂಟೆಗಾಗುವಷ್ಟು ಗಾಳಿ. ಒಳಗೆ ದೀಪ ಹಚ್ಚಿದರೆ ಗಾಳಿ ಬೇಗ ಮುಗಿಯುತ್ತದೆ ಎಂದು ದಿಕ್ಸೂಚಿಯ ಮುಳ್ಳಿಗೂ ಆಳದ ಮಾಪಕಕ್ಕೂ ಹೊಳೆಯುವ ಶಿಲೀಂಧ್ರ ಅಂಟಿಸಿದ್ದರು! ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಮಳೆಗಾಲದ ರಾತ್ರಿ ಕೊಳೆತ ಮರದ ಮೇಲೆ ಹಸಿರಾಗಿ ಮಿನುಗುತ್ತದಲ್ಲ, ಆ ಜಾತಿಯದೇ. ಚಳಿ ಜಾಸ್ತಿಯಾದರೆ ಅದು ಹೊಳೆಯುವುದನ್ನು ನಿಲ್ಲಿಸುತ್ತಿತ್ತು, ಅದು ಬೇರೆ ತಲೆನೋವು.

ಸೋತದ್ದು ಎಲ್ಲಿ ಅಂದರೆ, ಹಡಗಿನ ತಳಕ್ಕೆ ಸ್ಕ್ರೂ ಕೊರೆದು 150 ಪೌಂಡ್ ಮದ್ದಿನ ಪೆಟ್ಟಿಗೆ ತಗುಲಿಸಬೇಕಿತ್ತು. ನೀರಿನಲ್ಲಿ ತೇಲುತ್ತಾ ಮೇಲಕ್ಕೆ ಕೊರೆದು ನೋಡಿ. ಸ್ಕ್ರೂ ಮೇಲೆ ಹೋಗುವ ಬದಲು ನೀವೇ ಕೆಳಗೆ ಹೋಗುತ್ತೀರಿ. ಕಾಲೂರಲು ನೆಲ ಬೇಕಲ್ಲ. ಲೀ ಮಾತ್ರ ಕಬ್ಬಿಣದ ಪಟ್ಟಿ ಅಡ್ಡ ಬಂತು ಎಂದುಕೊಂಡ.

ರಸಾಯನ_ಮೇಷ್ಟ್ರು:

ಡ್ರೆಬೆಲ್ ಪರವಾಗಿ ನಾನೊಂದು ಮಾತು ಹೇಳಬೇಕು. ಅವನು ಬರೀ ಜಾದೂಗಾರ ಅಲ್ಲ. ದೋಣಿಯೊಳಗಿನ ಗಾಳಿಯನ್ನು ತಾಜಾ ಮಾಡಲು ಅವನ ಬಳಿ ಏನೋ ಒಂದು ದ್ರವ ಇತ್ತು ಎಂದು ರಾಬರ್ಟ್ ಬಾಯ್ಲ್ 1660ರಲ್ಲಿ ಬರೆದಿದ್ದಾನೆ. ಪೆಟ್ಲುಪ್ಪು ಗೊತ್ತಲ್ಲ, ಪೊಟ್ಯಾಸಿಯಂ ನೈಟ್ರೇಟ್, ಅದನ್ನು ಚೆನ್ನಾಗಿ ಕಾಯಿಸಿದರೆ ಆಮ್ಲಜನಕ ಬರುತ್ತದೆ. ಡ್ರೆಬೆಲ್ ಇದನ್ನೇ ಮಾಡಿರಬಹುದು ಎಂದು ಹಲವರ ಊಹೆ. ಹಾಗಿದ್ದರೆ ಷೀಲೆ, ಪ್ರೀಸ್ಟ್ಲಿ ಆಮ್ಲಜನಕ ಕಂಡುಹಿಡಿಯುವುದಕ್ಕೆ 150 ವರ್ಷ ಮೊದಲು!

ಆದರೆ ಆಮ್ಲಜನಕ ಸೇರಿಸಿದರೆ ಮಾತ್ರ ಸಾಲದು. ಮುಚ್ಚಿದ ಡಬ್ಬಿಯಲ್ಲಿ ಮೊದಲು ಕಾಡುವುದು ನಾವೇ ಬಿಡುವ ಕಾರ್ಬನ್ ಡೈಆಕ್ಸೈಡ್. ತಲೆನೋವು, ಏದುಸಿರು, ಆಮೇಲೆ ಮಂಪರು. ಕೈಯಿಂದ ಕ್ರ್ಯಾಂಕ್ ತಿರುಗಿಸುವವನು ಸುಮ್ಮನೆ ಕೂತವನಿಗಿಂತ ಎಷ್ಟೋ ಪಟ್ಟು ಜಾಸ್ತಿ ಅದನ್ನು ಬಿಡುತ್ತಾನೆ. ಅಂದರೆ ಎಂಜಿನ್ ಆಗಿ ಮನುಷ್ಯನನ್ನು ಇಟ್ಟರೆ, ಅವನು ಕೆಲಸ ಮಾಡಿದಷ್ಟೂ ಗಾಳಿ ಕೆಡುತ್ತದೆ.

ಚಿಕ್ಕಪೇಟೆ_ಚಿರಂಜೀವಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೊದಲ ಸಬ್‌ಮರೀನ್‌ಗೂ ಟಿಪ್ಪು ಸುಲ್ತಾನನ ಮನೆತನಕ್ಕೂ ಸಂಬಂಧ ಇದೆ ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಬಂದಿತ್ತು. ನಿಜಾನಾ?

ಗೋಲ್‌ಗುಂಬಜ್:

ಅದು ಕಾದಂಬರಿಯ ಮಾತು ಮಾರಾಯ್ರೇ. ಜೂಲ್ಸ್ ವರ್ನ್ ಸೃಷ್ಟಿಸಿದ ಕ್ಯಾಪ್ಟನ್ ನೀಮೋ ಮೂಲದಲ್ಲಿ ಡಕ್ಕರ್ ಎಂಬ ಭಾರತದ ರಾಜಕುಮಾರ, ಬುಂದೇಲಖಂಡದವನು, ಟಿಪ್ಪುವಿನ ಸೋದರಳಿಯ ಎಂದು 1875ರ ಹೊತ್ತಿಗೆ ಬಂದ ಎರಡನೇ ಕಾದಂಬರಿಯಲ್ಲಿ ಬರುತ್ತದೆ. ನಿಜವಾದ ಸಬ್‌ಮರೀನ್‌ಗೂ ಶ್ರೀರಂಗಪಟ್ಟಣಕ್ಕೂ ಏನೂ ಸಂಬಂಧ ಇಲ್ಲ. ನೀಮೋನ ಸಬ್‌ಮರೀನ್ ನಾಟಿಲಸ್‌ಗೆ ಹೆಸರು ಬಂದದ್ದು ರಾಬರ್ಟ್ ಫುಲ್ಟನ್ 1800ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ದೋಣಿಯಿಂದ.

ಸುಮ್ನೆ_ಓದುಗ:

ಫುಲ್ಟನ್ ಅಂದರೆ ಸ್ಟೀಮ್ ಬೋಟ್ ಫುಲ್ಟನ್ನೇ?

ತುಕ್ಕು_ಹಿಡಿದ_ಬೋಲ್ಟು:

ಅವನೇ. ಕಬ್ಬಿಣದ ಚೌಕಟ್ಟಿಗೆ ತಾಮ್ರದ ತಗಡು, ಮೇಲೆ ಓಡಲು ಮಡಚುವ ಹಾಯಿ, ಕೆಳಗೆ ಕೈ ಕ್ರ್ಯಾಂಕ್. 1801ರಲ್ಲಿ ಬ್ರೆಸ್ಟ್ ಬಂದರಿನಲ್ಲಿ 25 ಅಡಿ ಆಳದಲ್ಲಿ ಒಂದು ಗಂಟೆ ಇದ್ದ. ಒಂದು ಹಳೇ ಹಡಗನ್ನು ಉಡಾಯಿಸಿಯೂ ತೋರಿಸಿದ. ನೆಪೋಲಿಯನ್ ಒಲಿಯಲಿಲ್ಲ ಎಂದು ಅದೇ ಫುಲ್ಟನ್ ಬ್ರಿಟನ್ನಿಗೆ ಹೋದ! ಅಲ್ಲಿ 1805ರಲ್ಲಿ ಡೊರೊಥಿಯಾ ಎಂಬ ಹಡಗನ್ನು ಮೈನ್ ಇಟ್ಟು ಎರಡು ತುಂಡು ಮಾಡಿದ. ಸಮುದ್ರದ ಯಜಮಾನರಾದ ನಮಗೆ ಈ ಯುದ್ಧದ ರೀತಿ ಬೇಡ, ಗೆದ್ದರೆ ನಮ್ಮ ಯಜಮಾನಿಕೆಯೇ ಹೋಗುತ್ತದೆ ಎಂದು ಅಡ್ಮಿರಲ್ ಸೇಂಟ್ ವಿನ್ಸೆಂಟ್ ಪ್ರಧಾನಿ ಪಿಟ್‌ನ ಮೇಲೆ ಹರಿಹಾಯ್ದ. ಬಡಪಾಯಿ ಫುಲ್ಟನ್ ಗಂಟುಮೂಟೆ ಕಟ್ಟಿ ಅಮೆರಿಕಕ್ಕೆ ವಾಪಸ್. ಎರಡೂ ಕಡೆಗೆ ಆಯುಧ ಮಾರಲು ಹೊರಟವನ ಮೇಲೆ ನನಗೇನೂ ಕನಿಕರ ಇಲ್ಲ.

ಕಾರವಾರದ_ಅಲೆ:

ನೌಕಾಪಡೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಬೋಲ್ಟು ಅವರು ಕೇಳಿದ ಮಟ್ಟದ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದೇ ಇಡೀ ಕತೆಯ ಬೇರು.

ದೋಣಿ ನೀರಿನ ಮೇಲೆ ತೇಲುತ್ತಿದೆ. ಮೂತಿ ಸ್ವಲ್ಪ ತಗ್ಗಿತು ಅಂದುಕೊಳ್ಳಿ. ಆಗ ಮುಂಭಾಗ ಜಾಸ್ತಿ ನೀರಿಗೆ ಇಳಿಯುತ್ತದೆ, ಅಷ್ಟೇ ಜಾಸ್ತಿ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ, ಹಿಂಭಾಗ ನೀರಿನಿಂದ ಎದ್ದು ಅಲ್ಲಿ ಒತ್ತು ಕಡಿಮೆಯಾಗುತ್ತದೆ. ದೋಣಿ ತಾನಾಗಿಯೇ ಸರಿಹೋಗುತ್ತದೆ. ಉದ್ದ ಇದ್ದಷ್ಟೂ ಈ ಸಹಾಯ ಹೆಚ್ಚು. ಪೂರ್ತಿ ಮುಳುಗಿದ ಮೇಲೆ? ಮುಂದೂ ನೀರೊಳಗೆ, ಹಿಂದೂ ನೀರೊಳಗೆ. ಆ ಸಹಾಯ ಒಮ್ಮೆಲೇ ಮಾಯ. ಭಾರದ ಕೇಂದ್ರ ತೇಲುವಿಕೆಯ ಕೇಂದ್ರಕ್ಕಿಂತ, ಅಂದರೆ ನೀರು ಮೇಲಕ್ಕೆ ಒತ್ತುವ ನಡುಬಿಂದುವಿಗಿಂತ, ಒಂದಿಷ್ಟು ಕೆಳಗೆ ಇರುತ್ತದಲ್ಲ, ಅದೊಂದೇ ಆಸರೆ. ಈಗ ಒಳಗೆ ಯಾರಾದರೂ ಮುಂದಕ್ಕೆ ನಡೆದರೆ ಮೂತಿ ಬಾಗುತ್ತದೆ.

ಇನ್ನು ಟ್ಯಾಂಕಿನ ವಿಷಯ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಬೇರೆ ಅರ್ಥದಲ್ಲಿ. ಸಬ್‌ಮರೀನಿಗೆ ಅದು ಅಕ್ಷರಶಃ ನಿಜ. ಅರ್ಧ ತುಂಬಿದ ಟ್ಯಾಂಕ್ ಇದ್ದರೆ, ಮೂತಿ ಒಂದು ಚೂರು ತಗ್ಗಿದ ಕೂಡಲೇ ನೀರೆಲ್ಲ ಮುಂದಕ್ಕೆ ಓಡುತ್ತದೆ. ಭಾರ ಮುಂದೆ ಬಂತು, ಮೂತಿ ಇನ್ನೂ ತಗ್ಗಿತು, ಇನ್ನಷ್ಟು ನೀರು ಮುಂದಕ್ಕೆ. ಬೌವರ್‌ಗೆ ಹಿಂದಕ್ಕೆ ಆಯಿತು, ಅಷ್ಟೇ ವ್ಯತ್ಯಾಸ. ಈ ಹೊಂದಾಣಿಕೆಗೆ ನಾವು ಟ್ರಿಮ್ ಎನ್ನುತ್ತೇವೆ. ಇವತ್ತಿಗೂ ಬಂದರು ಬಿಟ್ಟ ಮೇಲೆ ಮೊದಲು ಮುಳುಗುವಾಗ ಎಲ್ಲರ ಗಮನ ಟ್ರಿಮ್ ಮೇಲೇ.

ಸುಮ್ನೆ_ಓದುಗ:

ಇದಪ್ಪಾ ವಿವರಣೆ! ಹಾಗಾದರೆ ಹನ್ಲಿ ಕತೆಯೂ ಇದೇನಾ? ಅದರಲ್ಲಿ ಸಿಬ್ಬಂದಿ ಮತ್ತೆ ಮತ್ತೆ ಸತ್ತರಂತೆ.

ತುಕ್ಕು_ಹಿಡಿದ_ಬೋಲ್ಟು:

ಅದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಓದಲು ತಾಳ್ಮೆ ಇರಲಿ.

ಅಮೆರಿಕದ ಅಂತರ್ಯುದ್ಧ. ದಕ್ಷಿಣದವರ ಚಾರ್ಲ್ಸ್‌ಟನ್ ಬಂದರನ್ನು ಉತ್ತರದ ಹಡಗುಗಳು ಮುಚ್ಚಿಹಾಕಿದ್ದವು. ಹೊರೇಸ್ ಹನ್ಲಿ ಎಂಬ ಸಿರಿವಂತ, ಮೆಕ್‌ಕ್ಲಿಂಟಾಕ್ ಮತ್ತು ವಾಟ್ಸನ್ ಎಂಬ ಮೆಕ್ಯಾನಿಕ್‌ಗಳು ಸೇರಿ ಅಲಬಾಮಾದ ಮೊಬೈಲ್ ಊರಿನಲ್ಲಿ 1863ರಲ್ಲಿ ಇದನ್ನು ಕಟ್ಟಿದರು. ಇದಕ್ಕೂ ಮೊದಲು ಅವರು ಎರಡು ದೋಣಿ ಕಟ್ಟಿ ಕಳೆದುಕೊಂಡಿದ್ದರು. ಇದನ್ನು ರೈಲಿನ ಮೇಲೆ ಹೇರಿ ಚಾರ್ಲ್ಸ್‌ಟನ್‌ಗೆ ತಂದರು.

ಉದ್ದ ಸುಮಾರು 40 ಅಡಿ. ಒಳಗಿನ ಎತ್ತರ ಸುಮಾರು 4 ಅಡಿ, ಅಗಲ ಅದಕ್ಕಿಂತ ಕಡಿಮೆ. ಅಂದರೆ ಯಾರೂ ನೆಟ್ಟಗೆ ನಿಲ್ಲುವಂತಿಲ್ಲ. ಏಳು ಜನ ಸಾಲಾಗಿ ಕೂತು ಒಂದೇ ಉದ್ದನೆಯ ಕ್ರ್ಯಾಂಕ್ ತಿರುಗಿಸಬೇಕು. ಮುಂದೆ ಕೂತ ಎಂಟನೆಯವನು ದಿಕ್ಕು, ಆಳ ಎಲ್ಲ ನೋಡಿಕೊಳ್ಳಬೇಕು. ಕ್ರ್ಯಾಂಕ್ ನಡುವೆ ಇರುವುದರಿಂದ ಒಬ್ಬರನ್ನು ದಾಟಿ ಇನ್ನೊಬ್ಬರು ಹೋಗಲಾಗದು. ಒಳಗೆ ಇಳಿಯುವ ಬಾಯಿ ಎರಡೇ, ಒಂದು ಮುಂದೆ, ಒಂದು ಹಿಂದೆ, ಒಬ್ಬ ಮನುಷ್ಯ ಮೈ ಹಿಂಡಿಕೊಂಡು ತೂರುವಷ್ಟು. ಬೆಳಕಿಗೆ ಒಂದು ಮೇಣದಬತ್ತಿ.

ಈಗ ಟ್ಯಾಂಕ್ ನೋಡಿ. ಎರಡೂ ತುದಿಯಲ್ಲಿ ಒಂದೊಂದು ಬ್ಯಾಲಾಸ್ಟ್ ಟ್ಯಾಂಕ್, ಅಂದರೆ ಮುಳುಗಲು ನೀರು ತುಂಬುವ ಟ್ಯಾಂಕ್. ಆದರೆ ಆ ಟ್ಯಾಂಕಿನ ಗೋಡೆ ಮೇಲಿನ ತನಕ ಹೋಗಿಲ್ಲ, ಮೇಲ್ಗಡೆ ಖಾಲಿ! ಜಾಸ್ತಿ ನೀರು ಬಿಟ್ಟರೆ ಅದು ಉಕ್ಕಿ ಜನ ಕೂತ ಕಡೆಗೇ ಬರುತ್ತದೆ.

1863ರ ಆಗಸ್ಟ್ 29ರಂದು ಹ್ಯಾಚ್ ತೆರೆದಿದ್ದಾಗಲೇ ದೋಣಿ ಮುಳುಗಿ ಐವರು ಸತ್ತರು. ಅಧಿಕಾರಿಯ ಕಾಲು ಅಪ್ಪಿತಪ್ಪಿ ಮುಳುಗಿಸುವ ಲಿವರ್ ಮೇಲೆ ಬಿತ್ತು ಎಂಬುದು ಒಂದು ವಿವರಣೆ. ಮೇಲೆತ್ತಿ, ತೊಳೆದು, ಮತ್ತೆ ಇಳಿಸಿದರು. ಅಕ್ಟೋಬರ್ 15ರಂದು ಹನ್ಲಿ ತಾನೇ ಮುಂದೆ ಕೂತ. ಮುಳುಗಿದ ದೋಣಿ ಮೇಲೆ ಬರಲೇ ಇಲ್ಲ, ಅವನೂ ಸೇರಿ ಎಂಟು ಜನ ಹೋದರು. ಎತ್ತಿದಾಗ ಮುಂದಿನ ಟ್ಯಾಂಕಿನ ನೀರಿನ ವಾಲ್ವ್ ತೆರೆದೇ ಇತ್ತು, ತಿರುಗಿಸುವ ಹಿಡಿ ತಳದಲ್ಲಿ ಬಿದ್ದಿತ್ತು. ಕತ್ತಲಲ್ಲಿ, ಮೂತಿ ಕೆಳಗಾಗಿ, ನೀರು ಗೋಡೆ ದಾಟಿ ಉಕ್ಕುತ್ತಿರುವಾಗ ಆ ಹಿಡಿಯನ್ನು ಹುಡುಕೋದು ಹೇಗೆ?

ಇಷ್ಟಾದ ಮೇಲೂ ಮೂರನೇ ತಂಡಕ್ಕೆ ಜನ ಸಿಕ್ಕಿದರು. ಲೆಫ್ಟಿನೆಂಟ್ ಜಾರ್ಜ್ ಡಿಕ್ಸನ್ ಅವರ ನಾಯಕ. ಎಷ್ಟು ಹೊತ್ತು ತಳದಲ್ಲಿ ಇರಬಹುದು ಎಂದು ಅವರೇ ಪರೀಕ್ಷೆ ಮಾಡಿಕೊಂಡರು. ಸುಮಾರು 25 ನಿಮಿಷಕ್ಕೆ ಮೇಣದಬತ್ತಿ ಆರಿತು. ಕತ್ತಲಲ್ಲೇ ಕೂತರು. ಒಟ್ಟು 2 ಗಂಟೆ 35 ನಿಮಿಷ ಆದ ಮೇಲೆ ಎದ್ದು ಬಂದರೆ ದಡದಲ್ಲಿದ್ದವರು ಇವರು ಸತ್ತರೆಂದೇ ತೀರ್ಮಾನಿಸಿದ್ದರು.

1864ರ ಫೆಬ್ರವರಿ 17ರ ರಾತ್ರಿ, ಎದುರಿಗೆ ಉತ್ತರದವರ ಉಗಿ ಹಡಗು ಹೌಸಟೋನಿಕ್. ಹನ್ಲಿಯ ಮೂತಿಗೆ ಕಂಬ, ಕಂಬದ ತುದಿಗೆ 135 ಪೌಂಡ್ ಮದ್ದು. ಕಾವಲಿನವರು ನೋಡಿದರು, ಆದರೆ ಫಿರಂಗಿಯನ್ನು ಅಷ್ಟು ಕೆಳಗೆ ಬಗ್ಗಿಸಲು ಆಗಲಿಲ್ಲ, ಬಂದೂಕಿನಿಂದ ಹೊಡೆದರು. ಹೌಸಟೋನಿಕ್ ಕೆಲವೇ ನಿಮಿಷದಲ್ಲಿ ಮುಳುಗಿತು. ನೀರು ಆಳ ಇರಲಿಲ್ಲ, ಜನ ಹಗ್ಗ ಹಿಡಿದು ಕಂಬ ಹತ್ತಿ ಬದುಕಿದರು, ಸತ್ತವರು ಐವರು. ಹನ್ಲಿ ವಾಪಸ್ ಬರಲಿಲ್ಲ. ಲೆಕ್ಕ ಹಾಕಿ: ಶತ್ರುಗಳಲ್ಲಿ 5, ತಮ್ಮವರಲ್ಲಿ 21.

ಗೋಲ್‌ಗುಂಬಜ್:

ಇಲ್ಲೊಂದು ತಕರಾರು. ಎರಡನೇ ಸಲ ಮುಳುಗಿದ ಮೇಲೆ ದಕ್ಷಿಣದವರ ಜನರಲ್ ಬೋರೆಗಾರ್ಡ್ ಇದನ್ನು ನೀರೊಳಗೆ ಮುಳುಗಿಸಿ ಬಳಸಬೇಡಿ ಎಂದಿದ್ದ. ಆ ರಾತ್ರಿಯೂ ಅದು ಬೆನ್ನು ಕಾಣುವಂತೆಯೇ ಬಂತು, ಅದಕ್ಕೇ ಕಾವಲಿನವರಿಗೆ ಕಂಡದ್ದು. ಹಾಗಾದರೆ "ಹಡಗು ಮುಳುಗಿಸಿದ ಮೊದಲ ಸಬ್‌ಮರೀನ್" ಎನ್ನುವ ಬಿರುದು ಎಷ್ಟು ಸರಿ?

ಕಾರವಾರದ_ಅಲೆ:

ಬಿರುದು ಕೊಡಲಿ ಬಿಡಿ. ಎರಡನೇ ಮಹಾಯುದ್ಧದಲ್ಲೂ ಜರ್ಮನ್ ಯು-ಬೋಟ್‌ಗಳು ಎಷ್ಟೋ ದಾಳಿಯನ್ನು ರಾತ್ರಿ ಹೊತ್ತು ನೀರಿನ ಮೇಲಿಂದಲೇ ಮಾಡಿವೆ. ಅವನ್ನು ಸಬ್‌ಮರೀನ್ ಅಲ್ಲ ಎನ್ನುತ್ತೀರಾ? ನನಗೆ ಕಾಡೋದು ಬೇರೆ. 2000ದ ಆಗಸ್ಟಿನಲ್ಲಿ ಹನ್ಲಿಯನ್ನು ಮೇಲೆತ್ತಿ ಒಳಗಿನ ಹೂಳು ತೆಗೆದಾಗ ಎಂಟೂ ಜನರ ಅಸ್ಥಿಗಳು ಅವರವರ ಜಾಗದಲ್ಲೇ ಇದ್ದವು. ಯಾರೂ ಹ್ಯಾಚ್ ಕಡೆಗೆ ನುಗ್ಗಿದ ಗುರುತು ಇರಲಿಲ್ಲ. ಕಂಬದ ತುದಿಯಲ್ಲಿ ಮದ್ದಿನ ಡಬ್ಬಿಯ ತಾಮ್ರದ ಚೂರು ಸುರುಳಿಯಾಗಿ ಅಂಟಿಕೊಂಡಿತ್ತು. ಅಂದರೆ ಸ್ಫೋಟ ಆದಾಗ ಇವರು 20 ಅಡಿಯೊಳಗೇ ಇದ್ದರು. ಸ್ಫೋಟದ ಅಲೆಯೇ ಕೊಂದಿತು ಎಂದು ಒಂದು ವಾದ, ಗಾಳಿ ಮುಗಿಯಿತು ಎಂದು ಇನ್ನೊಂದು. ನನ್ನ ಒಲವು ಮೊದಲನೆಯದಕ್ಕೆ.

ಚಿಕ್ಕಪೇಟೆ_ಚಿರಂಜೀವಿ:

ಡಿಕ್ಸನ್ ಜೇಬಿನಲ್ಲಿ ಚಿನ್ನದ ನಾಣ್ಯ ಇತ್ತಂತೆ? ಇದೂ ಫಾರ್ವರ್ಡೇನಾ?

ತುಕ್ಕು_ಹಿಡಿದ_ಬೋಲ್ಟು:

ಅದು ನಿಜ. ಶೈಲೋ ಯುದ್ಧದಲ್ಲಿ ತೊಡೆಗೆ ಬಂದ ಗುಂಡು ಜೇಬಿನ ನಾಣ್ಯಕ್ಕೆ ತಾಗಿ ಅವನು ಬದುಕಿದ್ದ ಎಂಬ ಕತೆ ಇತ್ತು. ಬಹಳ ಜನ ನಂಬಿರಲಿಲ್ಲ. 2001ರಲ್ಲಿ ಅವನ ಅಸ್ಥಿಯ ಪಕ್ಕದಲ್ಲೇ ಬಗ್ಗಿದ ನಾಣ್ಯ ಸಿಕ್ಕಿತು.

ರಸಾಯನ_ಮೇಷ್ಟ್ರು:

ಎಲ್ಲರೂ ಯುದ್ಧ, ಯುದ್ಧ ಎನ್ನುತ್ತಿದ್ದೀರಿ. ಬಾರ್ಸಿಲೋನಾದ ನಾರ್ಸಿಸ್ ಮೊಂಟುರಿಯೋಲ್‌ನನ್ನು ಮರೆತರೆ ನನಗೆ ಸಮಾಧಾನ ಇಲ್ಲ. ಹವಳ ತೆಗೆಯಲು ಮುಳುಗುವವರ ಕಷ್ಟ ನೋಡಿ, ಒಬ್ಬ ಕಣ್ಣೆದುರೇ ಸತ್ತದ್ದನ್ನು ನೋಡಿ ಸಬ್‌ಮರೀನ್ ಕಟ್ಟಲು ಹೊರಟವನು ಅವನು. 1859ರಲ್ಲಿ ಮೊದಲನೇ ಇಕ್ಟಿನೇಯೋ, ಕೈಯಿಂದ ಓಡುವಂಥದ್ದು. 1864ರಲ್ಲಿ ಎರಡನೆಯದು. ಮನುಷ್ಯರ ತೋಳಿನಿಂದ ಇದು ಆಗುವ ಕೆಲಸ ಅಲ್ಲ ಎಂದು ಅವನಿಗೆ ಬೇಗ ಅರ್ಥವಾಯಿತು.

ಉಗಿ ಎಂಜಿನ್ ಇಡಬೇಕು, ಆದರೆ ನೀರೊಳಗೆ ಬೆಂಕಿ ಗಾಳಿ ತಿನ್ನುತ್ತದೆ. ಅವನು ಮಾಡಿದ್ದೇನು ಗೊತ್ತಾ? ಸತು, ಮ್ಯಾಂಗನೀಸ್ ಡೈಆಕ್ಸೈಡ್, ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿದ. ಅವು ಸೇರಿ ಉರಿದರೆ ನೀರು ಕುದಿಯುವಷ್ಟು ಬಿಸಿ ಬರುತ್ತದೆ, ಅದರ ಜೊತೆಗೆ ಆಮ್ಲಜನಕವೂ ಹೊರಬರುತ್ತದೆ. ಉಗಿಗೆ ಬಿಸಿ, ಉಸಿರಿಗೆ ಗಾಳಿ, ಎರಡೂ ಒಂದೇ ಒಲೆಯಿಂದ. ಗಾಳಿ ಬೇಡದ ಎಂಜಿನ್ನಿಗಾಗಿ ಇವತ್ತಿನ ಸಬ್‌ಮರೀನ್ ಎಂಜಿನಿಯರುಗಳು ಇನ್ನೂ ತಲೆಕೆಡಿಸಿಕೊಳ್ಳುತ್ತಿದ್ದಾರೆ, ಇವನು 1867ರಲ್ಲೇ ಓಡಿಸಿ ತೋರಿಸಿದ. ಒಳಗೆ ಸೆಕೆ ಮಾತ್ರ ತಡೆಯಲಾಗುತ್ತಿರಲಿಲ್ಲ. ದುಡ್ಡು ಮುಗಿಯಿತು, ಸಾಲಗಾರರು ಬಂದರು, 1868ರಲ್ಲಿ ದೋಣಿ ಗುಜರಿಗೆ ಹೋಯಿತು.

ಪ್ಯಾಟರ್ಸನ್_ಪಕ್ಕದವಳು:

ತಡವಾಗಿ ಬಂದೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಪ್ಯಾಟರ್ಸನ್ ಊರಿನ ಮ್ಯೂಸಿಯಮ್ಮಿನಲ್ಲಿ ಜಾನ್ ಹಾಲೆಂಡ್ ಮಾಡಿದ ಮೊದಲ ಎರಡು ದೋಣಿಗಳನ್ನು ನೋಡಿದ್ದೇನೆ. ಮೊದಲನೆಯದು 14 ಅಡಿ ಅಷ್ಟೇ, 1878ರದು. ಒಬ್ಬರೇ ಕೂರೋದು. ಪಸೇಯಿಕ್ ನದಿಯಲ್ಲಿ ಪರೀಕ್ಷೆ ಮುಗಿಸಿ ಅವನೇ ಅದನ್ನು ಮುಳುಗಿಸಿಬಿಟ್ಟ, 1927ರಲ್ಲಿ ಕೆಸರಿನಿಂದ ತೆಗೆದರು. ಪಕ್ಕದಲ್ಲಿ ಎರಡನೆಯದು, 31 ಅಡಿಯ ಫೀನಿಯನ್ ರಾಮ್. ಎರಡರ ನಡುವೆ ನಿಂತರೆ ಮೂರೇ ವರ್ಷದಲ್ಲಿ ಇವನು ಎಷ್ಟು ಕಲಿತ ಎಂದು ಕಣ್ಣಿಗೇ ಕಾಣುತ್ತದೆ. ಒಂದು ಡಬ್ಬಿ, ಇನ್ನೊಂದು ಮೀನು.

ಹಾಲೆಂಡ್ ಹುಟ್ಟಿದ್ದು ಐರ್ಲೆಂಡಿನಲ್ಲಿ, 1841. ವೃತ್ತಿಯಲ್ಲಿ ಮೇಷ್ಟ್ರು. ಅಮೆರಿಕಕ್ಕೆ ಬಂದದ್ದು 1873ರಲ್ಲಿ. ಫೀನಿಯನ್ ರಾಮ್‌ಗೆ ದುಡ್ಡು ಕೊಟ್ಟವರು ಬ್ರಿಟನ್ ವಿರುದ್ಧ ಹೋರಾಡುತ್ತಿದ್ದ ಐರಿಶ್ ಕ್ರಾಂತಿಕಾರಿಗಳು. ದುಡ್ಡಿನ ವಿಚಾರಕ್ಕೆ ಅವರವರಲ್ಲೇ ಜಗಳ ಹತ್ತಿ 1883ರಲ್ಲಿ ಒಂದು ರಾತ್ರಿ ಅವರೇ ದೋಣಿಯನ್ನು ಕದ್ದು ಎಳೆದುಕೊಂಡು ಹೋದರು! ಓಡಿಸಲು ಅವರಿಗೆ ಬರಲಿಲ್ಲ. ಹಾಲೆಂಡ್ ಸಹಾಯ ಮಾಡಲಿಲ್ಲ, ಅವರ ಹತ್ತಿರವೇ ಕೊಳೆಯಲಿ ಎಂದು ಸುಮ್ಮನಾದ. ಅಲೆ ಸರ್, ಅವನು ಟ್ರಿಮ್ ಸಮಸ್ಯೆ ಹೇಗೆ ಬಿಡಿಸಿದ ಎಂದು ನೀವೇ ಹೇಳಬೇಕು.

ಕಾರವಾರದ_ಅಲೆ:

ಮೇಡಂ, ನೀವು ಮೀನು ಎಂದಿರಲ್ಲ, ಉತ್ತರ ಅದರಲ್ಲೇ ಇದೆ. ಆ ಕಾಲದ ಉಳಿದವರಿಗೆ ಮಟ್ಟವಾಗಿ, ಲಿಫ್ಟ್ ಇಳಿದ ಹಾಗೆ, ನೇರ ಕೆಳಗೆ ಇಳಿಯುವ ಆಸೆ. ಸ್ವೀಡನ್ನಿನ ನಾರ್ಡನ್‌ಫೆಲ್ಟ್ ಉಗಿ ಎಂಜಿನ್ನಿನ ಸಬ್‌ಮರೀನ್‌ಗಳನ್ನು ಗ್ರೀಸಿಗೆ, ತುರ್ಕಿಗೆ ಮಾರಿದ. ಬಿಸಿನೀರಿನ ದೊಡ್ಡ ದೊಡ್ಡ ಟ್ಯಾಂಕ್, ಬಾಯ್ಲರ್, ಎಲ್ಲದರಲ್ಲೂ ತುಳುಕುವ ನೀರು, ಒತ್ತಿ ಇಳಿಸಲು ಪ್ರೊಪೆಲರ್‌ಗಳು. ಒಳಗೆ ಯಾರಾದರೂ ಜಾಗ ಬದಲಿಸಿದರೆ ಸಾಕು, ತಕ್ಕಡಿ ಏರುಪೇರು. ರಷ್ಯಾಕ್ಕೆ ಹೊರಟ ನಾಲ್ಕನೆಯದು 1888ರಲ್ಲಿ ಡೆನ್ಮಾರ್ಕಿನ ಕರಾವಳಿಯಲ್ಲಿ ನೆಲ ಕಚ್ಚಿತು.

ಹಾಲೆಂಡ್ ಮೂರು ನಿಯಮ ಹಿಡಿದ. ಮುಳುಗುವಾಗ ದೊಡ್ಡ ಟ್ಯಾಂಕ್‌ಗಳನ್ನು ಪೂರ್ತಿ ತುಂಬಿಸಿಬಿಡು, ತುಳುಕಲು ಜಾಗವೇ ಇರಬಾರದು. ಭಾರದ ಕೇಂದ್ರ ಅಲುಗಾಡಬಾರದು. ಮತ್ತು ದೋಣಿ ಯಾವಾಗಲೂ ಒಂದು ಚೂರು ಹಗುರವಾಗಿಯೇ ಇರಲಿ. ಕೆಳಗೆ ಹೋಗಬೇಕಾದರೆ ಓಡುತ್ತಾ, ಹಿಂದಿನ ರೆಕ್ಕೆ ಬಾಗಿಸಿ, ಮೂತಿ ತಗ್ಗಿಸಿ ಧುಮುಕಬೇಕು. ಎಂಜಿನ್ ನಿಂತರೆ ತಾನಾಗಿಯೇ ಮೇಲೆ ಬರುತ್ತದೆ. ಉಳಿದವರ ದೋಣಿಯಲ್ಲಿ ತಪ್ಪಾದರೆ ತಳ ಸೇರುವುದು, ಇವನದರಲ್ಲಿ ತಪ್ಪಾದರೆ ಮೇಲೆ ತೇಲುವುದು.

ಇದೆಲ್ಲ ಫೀನಿಯನ್ ರಾಮ್‌ನಲ್ಲೇ, 1881ರಲ್ಲೇ ಇತ್ತು. ಬೋಲ್ಟು ಅವರ ವಾದಕ್ಕೆ ಇದೇ ದೊಡ್ಡ ಸಾಕ್ಷಿ. ಮಟ್ಟದ ಸಮಸ್ಯೆ ಬಿಡಿಸಿದ ಮೇಲೂ ಬ್ಯಾಟರಿ, ಮೋಟಾರ್ ಒಳ್ಳೇದು ಸಿಗಲು ಕಾಯಬೇಕಾಯಿತು, ಅದೂ ನಿಜ. ಸ್ಪೇನಿನ ಇಸಾಕ್ ಪೆರಾಲ್ ಕಟ್ಟಿದ ದೋಣಿ, ಫ್ರಾನ್ಸಿನ ಜಿಮ್ನೋಟ್ ಎಂಬ ದೋಣಿ, ಬ್ಯಾಟರಿಯಿಂದ ಓಡುವ ಎರಡೂ 1888ರಲ್ಲೇ ನೀರಿಗಿಳಿದವು. ಆದರೆ ಬ್ಯಾಟರಿ ಖಾಲಿಯಾದರೆ ಬಂದರಿಗೆ ಬಂದೇ ಚಾರ್ಜ್ ಮಾಡಬೇಕು. ಹಾಲೆಂಡ್ ತನ್ನ ಆರನೇ ದೋಣಿಯಲ್ಲಿ ಎರಡನ್ನೂ ಜೋಡಿಸಿದ. ಮೇಲೆ 45 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್, ಕೆಳಗೆ ಮೋಟಾರ್. ಮೇಲೆ ಇದ್ದಾಗ ಅದೇ ಎಂಜಿನ್ ಬ್ಯಾಟರಿ ತುಂಬಿಸುತ್ತದೆ.

ಪ್ಯಾಟರ್ಸನ್_ಪಕ್ಕದವಳು:

ತಮಾಷೆ ಎಂದರೆ ಅಮೆರಿಕದ ನೌಕಾಪಡೆ ಮೊದಲು ಅವನಿಂದ ಪ್ಲಂಜರ್ ಎಂಬ ಉಗಿ ಎಂಜಿನ್ ಸಬ್‌ಮರೀನ್ ಕೇಳಿತು. ಷರತ್ತೆಲ್ಲ ಅವರದೇ. ಬಾಯ್ಲರ್ ಬಿಸಿಗೆ ಒಳಗೆ ನಿಲ್ಲಲಾಗಲಿಲ್ಲ, ಕೆಲಸಕ್ಕೆ ಬರಲಿಲ್ಲ. ಬೇಸತ್ತು ಅವನ ಕಂಪನಿ ತನ್ನ ದುಡ್ಡಿನಲ್ಲೇ ಅವನಿಗೆ ಬೇಕಾದ ಹಾಗೆ ಆರನೆಯದನ್ನು ಕಟ್ಟಿತು. 1897ರ ಮೇ 17ರಂದು ನೀರಿಗಿಳಿಯಿತು. 1900ರ ಏಪ್ರಿಲ್ 11ರಂದು ನೌಕಾಪಡೆ 1,50,000 ಡಾಲರ್ ಕೊಟ್ಟು ಕೊಂಡಿತು. ಮರುವರ್ಷವೇ ಬ್ರಿಟನ್ ಅವನದೇ ವಿನ್ಯಾಸದ ಹಾಲೆಂಡ್ 1 ಕಟ್ಟಿಕೊಂಡಿತು. ಐರಿಶ್ ಕ್ರಾಂತಿಕಾರಿಗಳ ದುಡ್ಡಿನಲ್ಲಿ ಕಲಿತ ವಿದ್ಯೆ ಕೊನೆಗೆ ಬ್ರಿಟಿಷರ ಕೈಗೇ!

ಚಿಕ್ಕಪೇಟೆ_ಚಿರಂಜೀವಿ:

ಮುಚ್ಚಿದ ಡಬ್ಬಿಯಲ್ಲಿ ಪೆಟ್ರೋಲಾ? ನಮ್ಮ ಸ್ಕೂಟರ್ ಡಿಕ್ಕಿಯಲ್ಲಿ ಬಾಟಲಿ ಇಟ್ಟರೇ ವಾಸನೆಗೆ ತಲೆ ಸುತ್ತುತ್ತದೆ.

ರಸಾಯನ_ಮೇಷ್ಟ್ರು:

ಅದೇ ದೊಡ್ಡ ಅಪಾಯ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್. ಬ್ರಿಟಿಷರು ಅದಕ್ಕೆ ಬಿಳಿ ಇಲಿ ಸಾಕಿಕೊಂಡಿದ್ದರು, ಇಲಿ ಬಿದ್ದರೆ ಗಾಳಿ ಕೆಟ್ಟಿದೆ ಎಂದರ್ಥ. ಸಮುದ್ರದ ನೀರು ಬ್ಯಾಟರಿಗೆ ಹೋದರೆ ಕ್ಲೋರಿನ್ ಎಂಬ ವಿಷಾನಿಲ.

1910ರ ಏಪ್ರಿಲ್ 15ರಂದು ಜಪಾನಿನ 6ನೇ ನಂಬರಿನ ಸಬ್‌ಮರೀನ್, ಹಾಲೆಂಡ್ ಮಾದರಿಯದೇ, ಹಿರೋಶಿಮಾ ಕೊಲ್ಲಿಯಲ್ಲಿ ಗಾಳಿಕೊಳವೆ ಮೇಲಿಟ್ಟುಕೊಂಡು ಪೆಟ್ರೋಲ್ ಎಂಜಿನ್ ಓಡಿಸುತ್ತಲೇ ಮುಳುಗುವ ಅಭ್ಯಾಸ ಮಾಡುತ್ತಿತ್ತು. ಅಂದುಕೊಂಡದ್ದಕ್ಕಿಂತ ಆಳಕ್ಕೆ ಹೋಯಿತು, ಕೊಳವೆಯಿಂದ ನೀರು ನುಗ್ಗಿತು, ವಾಲ್ವ್ ಮುಚ್ಚುವ ಸರಪಳಿ ತುಂಡಾಯಿತು. ಕೈಯಿಂದ ಮುಚ್ಚುವಷ್ಟರಲ್ಲಿ ಹಿಂಭಾಗ ತುಂಬಿತ್ತು. ಲೆಫ್ಟಿನೆಂಟ್ ಸಕುಮಾ ಹ್ಯಾಚಿನ ಗಾಜಿನಿಂದ ಬರುವ ಮಂದ ಬೆಳಕಿನಲ್ಲಿ ಉಸಿರಿರುವವರೆಗೂ ಬರೆದ. ಏನಾಯಿತು, ಏನು ಮಾಡಿದೆವು, ಯಾವುದು ಕೈಕೊಟ್ಟಿತು. ಈ ಅಪಘಾತದಿಂದ ಸಬ್‌ಮರೀನ್ ಕೆಲಸ ನಿಲ್ಲಬಾರದು, ನನ್ನ ಕೈಕೆಳಗಿನವರ ಮನೆಯವರನ್ನು ನೋಡಿಕೊಳ್ಳಿ ಎಂದೂ ಬರೆದಿದ್ದಾನೆ. 14 ಜನ. ಆ ಬರಹವನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇನೆ, ಪ್ರಯೋಗದ ವರದಿ ಹೇಗಿರಬೇಕು ಎನ್ನುವುದಕ್ಕೆ.

ಪೆಟ್ರೋಲ್ ಬಿಟ್ಟು ಡೀಸೆಲ್ಲಿಗೆ ಹೋದದ್ದು ಈ ಭಯದಿಂದಲೇ. ಫ್ರಾನ್ಸ್ 1904ರಲ್ಲೇ ಡೀಸೆಲ್ ಹಾಕಿತ್ತು.

ಗೋಲ್‌ಗುಂಬಜ್:

ಜರ್ಮನಿ ಮಾತ್ರ ಕೆಲವು ವರ್ಷ ಸೀಮೆಎಣ್ಣೆ ಎಂಜಿನ್ ಹಿಡಿದುಕೊಂಡಿತ್ತು. ಬಿಳಿ ಹೊಗೆ ದೂರಕ್ಕೆ ಕಾಣುತ್ತಿತ್ತು. ಆ ಸೀಮೆಎಣ್ಣೆಯ ಯು-9 ಒಂದೇ 1914ರ ಸೆಪ್ಟೆಂಬರ್ 22ರ ಬೆಳಗ್ಗೆ ಅಬೂಕಿರ್, ಹೋಗ್, ಕ್ರೆಸಿ ಎಂಬ ಮೂರು ಬ್ರಿಟಿಷ್ ಕ್ರೂಸರ್‌ಗಳನ್ನು ಒಂದೂವರೆ ಗಂಟೆಯೊಳಗೆ ಮುಳುಗಿಸಿತು. ಸತ್ತವರು 1,400ಕ್ಕೂ ಜಾಸ್ತಿ. ಮೊದಲನೆಯದಕ್ಕೆ ಮೈನ್ ಬಡಿಯಿತು ಎಂದುಕೊಂಡು ಉಳಿದೆರಡು ಜನರನ್ನು ಎತ್ತಲು ನಿಂತವು. ನಿಂತ ಹಡಗಿಗೆ ಗುರಿ ಇಡೋದು ಎಷ್ಟೊತ್ತಿನ ಮಾತು? ಹಾಲೆಂಡ್ ತೀರಿಕೊಂಡು ಆಗ ಆರು ವಾರವೂ ಆಗಿರಲಿಲ್ಲ.

ಸುಮ್ನೆ_ಓದುಗ:

ವೈಜಾಗ್ ಬೀಚಿನಲ್ಲಿ ಕುರ್ಸುರಾ ಸಬ್‌ಮರೀನ್ ಮ್ಯೂಸಿಯಂ ನೋಡಿದ್ದೆ. ಅಲ್ಲಿ ಡೀಸೆಲ್ ಎಂಜಿನ್ ಮೂರು, ಮೋಟಾರ್ ಮೂರು ಎಂದರು. ಅದೂ ಹಾಲೆಂಡ್ ಲೆಕ್ಕವೇ ಅಲ್ವಾ?

ಕಾರವಾರದ_ಅಲೆ:

ಅದೇ ಲೆಕ್ಕ. ಕುರ್ಸುರಾ 1969ರದು, ಸೋವಿಯತ್ ನಿರ್ಮಿತ. ಪೆಟ್ರೋಲ್ ಜಾಗದಲ್ಲಿ ಡೀಸೆಲ್ ಬಂತು, ಗಾತ್ರ ಬೆಳೆಯಿತು, ಪೆರಿಸ್ಕೋಪ್, ಸೋನಾರ್ ಬಂದವು. ಮೇಲೆ ಎಂಜಿನ್, ಕೆಳಗೆ ಬ್ಯಾಟರಿ, ತುಂಬಿದ ಟ್ಯಾಂಕ್, ಆಳಕ್ಕೆ ರೆಕ್ಕೆ. ಮುಂದಿನ ಸಲ ಹೋದಾಗ ಗೈಡ್ ಹತ್ತಿರ ಟ್ರಿಮ್ ಟ್ಯಾಂಕ್ ಎಲ್ಲಿದೆ ಎಂದು ಕೇಳಿ, ಖುಷಿಯಿಂದ ತೋರಿಸುತ್ತಾರೆ.

ಪ್ಯಾಟರ್ಸನ್_ಪಕ್ಕದವಳು:

ಮೇಷ್ಟ್ರೇ, ಒಂದು ಕೊನೇ ಪ್ರಶ್ನೆ. ಹನ್ಲಿಯನ್ನು ಎತ್ತಿ ಇಷ್ಟು ವರ್ಷ ಆದರೂ ಇನ್ನೂ ನೀರಿನ ತೊಟ್ಟಿಯಲ್ಲೇ ಯಾಕೆ ಇಟ್ಟಿದ್ದಾರೆ? ಒಣಗಿಸಿ ಇಡಬಾರದಾ?

ರಸಾಯನ_ಮೇಷ್ಟ್ರು:

ಬರೀ ನೀರಲ್ಲ ಅದು, ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದ ನೀರು. ನೂರಕ್ಕೂ ಹೆಚ್ಚು ವರ್ಷ ಸಮುದ್ರದಲ್ಲಿದ್ದ ಕಬ್ಬಿಣದೊಳಗೆ ಉಪ್ಪಿನ ಕ್ಲೋರೈಡ್ ಇಂಗಿ ಕೂತಿರುತ್ತದೆ. ಹಾಗೇ ಗಾಳಿಗೆ ಇಟ್ಟರೆ ಒಳಗಿಂದಲೇ ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತದೆ. ಬ್ರಿಟನ್ನಿನ ಹಾಲೆಂಡ್ 1 ವಿಷಯದಲ್ಲಿ ಇದು ಕಷ್ಟಪಟ್ಟು ಕಲಿತ ಪಾಠ. 1913ರಲ್ಲಿ ಗುಜರಿಗೆ ಎಳೆದುಕೊಂಡು ಹೋಗುವಾಗ ಮುಳುಗಿದ್ದನ್ನು 1982ರಲ್ಲಿ ಎತ್ತಿ ಗಾಸ್ಪೋರ್ಟ್ ಮ್ಯೂಸಿಯಮ್ಮಿನಲ್ಲಿ ಇಟ್ಟರು. ಮೇಲೆ ಲೇಪ ಕೊಟ್ಟರೂ ಕೆಲವೇ ವರ್ಷಗಳಲ್ಲಿ ತುಕ್ಕು ಎದ್ದಿತು. ಆಮೇಲೆ ಸುತ್ತ ದೊಡ್ಡ ತೊಟ್ಟಿ ಕಟ್ಟಿ, ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಸೋಡಾ, ಬೆರೆಸಿದ ನೀರಿನಲ್ಲಿ ವರ್ಷಗಟ್ಟಲೆ ನೆನೆಸಿದರು. ಕ್ಲೋರೈಡ್ ಸಾಕಷ್ಟು ಇಳಿದ ಮೇಲೆಯೇ ಹೊರತೆಗೆದದ್ದು. ಈಗ ತೇವ ಇಲ್ಲದ ಗಾಳಿಯ ಕಟ್ಟಡದೊಳಗೆ ಇದೆ.